ಭಾರೀ ಡೀಸೆಲ್ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಸರ್ಕ್ಯೂಟ್ ದೋಷಪತ್ತೆ

ಲಾರಿ, ಬಸ್ಸು, ಗಣಿಯ ಡಂಪರ್, ಎಕ್ಸ್‌ಕವೇಟರ್, ದೊಡ್ಡ ಜನರೇಟರ್ ಇವುಗಳ ಇಂದಿನ ಡೀಸೆಲ್ ಎಂಜಿನ್‌ನಲ್ಲಿ ಯಾವ ಸಿಲಿಂಡರಿಗೆ ಯಾವ ಕ್ಷಣದಲ್ಲಿ ಎಷ್ಟು ಇಂಧನ ಹೋಗಬೇಕೆಂದು ತೀರ್ಮಾನಿಸುವುದು ಎಂಜಿನ್ನಿನ ನಿಯಂತ್ರಕ ಕಂಪ್ಯೂಟರ್, ಅಂದರೆ ಇಸಿಎಂ. ಅದರ ಆದೇಶ ವಿದ್ಯುತ್ ರೂಪದಲ್ಲಿ ಇಂಜೆಕ್ಟರನ್ನು ತಲುಪುವ ಇಡೀ ದಾರಿಗೆ ಇಂಜೆಕ್ಟರ್ ಸರ್ಕ್ಯೂಟ್ ಎನ್ನುತ್ತಾರೆ. ಇಸಿಎಂ ಒಳಗಿನ ಡ್ರೈವರ್ (ಕರೆಂಟನ್ನು ಹಚ್ಚಿ ಆರಿಸುವ ಭಾಗ), ಹೊರಗಿನ ವೈರಿಂಗ್, ಸಿಲಿಂಡರ್ ಹೆಡ್ಡಿನ ಬಳಿಯ ಕಪ್ಲರ್, ಟ್ಯಾಪೆಟ್ ಕವರಿನ ಒಳಗೆ ಓಡುವ ತಂತಿಗಳು, ಕೊನೆಗೆ ಇಂಜೆಕ್ಟರಿನ ತಲೆಯಲ್ಲಿರುವ ಕಾಯಿಲ್ ಎಲ್ಲವೂ ಇದರಲ್ಲಿ ಸೇರಿವೆ. ಈ ದಾರಿಯಲ್ಲಿ ಎಲ್ಲಿ ಕೆಟ್ಟರೂ ಸ್ಕ್ಯಾನರಿನ ಪರದೆಯ ಮೇಲೆ ಬೀಳುವ ದೋಷದ ಕೋಡ್ ಹೆಚ್ಚುಕಡಿಮೆ ಒಂದೇ. ಕೋಡ್ ಓದಿದ ಕೂಡಲೇ ಇಂಜೆಕ್ಟರ್ ಬಿಚ್ಚುವ ಅಭ್ಯಾಸದಿಂದ ಸಾವಿರಾರು ರೂಪಾಯಿಯ ಒಳ್ಳೆಯ ಇಂಜೆಕ್ಟರುಗಳು ಮೂಲೆ ಸೇರುತ್ತವೆ, ದೋಷ ಮಾತ್ರ ಅಲ್ಲೇ ಉಳಿಯುತ್ತದೆ. ದೋಷಪತ್ತೆಯ ಕೆಲಸವೆಂದರೆ ಈ ದಾರಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ, ಯಾವ ತುಂಡಿನಲ್ಲಿ ತೊಂದರೆಯಿದೆ ಎಂದು ಅಳತೆಯಿಂದ ಸಾಬೀತು ಮಾಡುವುದು.

ಹಿನ್ನೆಲೆ

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಪರೀಕ್ಷೆಗೆ ಒಡ್ಡಿದ ಎಂಜಿನ್‌ನಲ್ಲಿ ಇಂಧನವನ್ನು ಒತ್ತಡದ ಗಾಳಿಯಿಂದ ಸಿಲಿಂಡರಿನೊಳಕ್ಕೆ ಊದಲಾಗುತ್ತಿತ್ತು. ಬಾಷ್ ಕಂಪನಿ 1927ರಲ್ಲಿ ಡೀಸೆಲ್ ಪಂಪುಗಳ ಸರಣಿ ಉತ್ಪಾದನೆ ಶುರುಮಾಡಿದ ಮೇಲೆ ಲಾರಿಗಳಿಗೆ ಡೀಸೆಲ್ ಎಂಜಿನ್ ಒಗ್ಗಿತು. 1951ರಲ್ಲಿ ಸ್ಥಾಪನೆಯಾದ ಮೈಕೊ ಕಂಪನಿ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಭಾರತದ ಲಾರಿ-ಟ್ರ್ಯಾಕ್ಟರುಗಳಿಗೆ ದಶಕಗಳ ಕಾಲ ಪಂಪು, ನಾಜಲ್ ಒದಗಿಸಿತು. 2008ರಿಂದ ಅದರ ಹೆಸರು ಬಾಷ್ ಲಿಮಿಟೆಡ್. ಆ ಕಾಲದ ಪಂಪಿನಲ್ಲಿ ವಿದ್ಯುತ್ತಿಗೆ ಇದ್ದ ಪಾತ್ರ ಬಹಳವೆಂದರೆ ಎಂಜಿನ್ ನಿಲ್ಲಿಸುವ ಸೊಲೆನಾಯ್ಡ್.

ಅಮೆರಿಕದ ಡೆಟ್ರಾಯ್ಟ್ ಡೀಸೆಲ್ 1985ರಲ್ಲಿ ಯೂನಿಟ್ ಇಂಜೆಕ್ಟರುಗಳಿಗೆ ಡಿಡಿಇಸಿ ಎಂಬ ವಿದ್ಯುನ್ಮಾನ ನಿಯಂತ್ರಣವನ್ನು ಮಾರುಕಟ್ಟೆಗೆ ತಂದಿತು. 1987ರ ಅದರ ಸೀರೀಸ್ 60 ಎಂಜಿನ್‌ಗೆ ಅದು ಮೊದಲಿನಿಂದಲೇ ಅಳವಟ್ಟಿತ್ತು. ಕ್ಯಾಟರ್‌ಪಿಲ್ಲರ್, ವೋಲ್ವೋ ಕಂಪನಿಗಳೂ ಇದೇ ಯೂನಿಟ್ ಇಂಜೆಕ್ಟರ್ ಪದ್ಧತಿಯನ್ನು ಹಿಡಿದವು. ಇದರಲ್ಲಿ ಕ್ಯಾಮ್ ಪ್ರತಿ ಇಂಜೆಕ್ಟರಿನೊಳಗಿನ ಪ್ಲಂಜರನ್ನು ಒತ್ತುತ್ತದೆ. ಸೊಲೆನಾಯ್ಡ್ ವಾಲ್ವ್ ಮುಚ್ಚಿದಾಗ ಮಾತ್ರ ಒತ್ತಡ ಕಟ್ಟಿಕೊಂಡು ಇಂಧನ ಸಿಡಿಯುತ್ತದೆ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ (ರೈಲ್) ಒತ್ತಡದ ಇಂಧನ ಒದಗಿಸುವುದು ಕಾಮನ್ ರೈಲ್. 1995ರಲ್ಲಿ ಡೆನ್ಸೋ ತಯಾರಿಸಿದ ಅಂಥ ವ್ಯವಸ್ಥೆ ಜಪಾನಿನ ಹಿನೋ ಲಾರಿಗೆ ಬಂತು, 1997ರಲ್ಲಿ ಬಾಷ್‌ನದು ಆಲ್ಫಾ ರೋಮಿಯೋ ಕಾರಿಗೆ. ಭಾರತದಲ್ಲಿ ಈ ಬದಲಾವಣೆಯನ್ನು ತಂದದ್ದು ಹೊಗೆಯ ಕಾನೂನು. 2017ರ ಏಪ್ರಿಲ್‌ನಲ್ಲಿ ಬಿಎಸ್-4 ದೇಶಕ್ಕೆಲ್ಲ ಅನ್ವಯವಾದಾಗ ಹೆಚ್ಚಿನ ಲಾರಿಗಳು ಕಾಮನ್ ರೈಲಿಗೆ ಬಂದವು, ಕೆಲವು ಯಾಂತ್ರಿಕ ಪಂಪಿನಲ್ಲೇ ಉಳಿದವು. 2020ರ ಏಪ್ರಿಲ್‌ನ ಬಿಎಸ್-6 ಆ ಉಳಿದ ದಾರಿಯನ್ನೂ ಮುಚ್ಚಿತು. ನಾಜಲ್ ಬಿಚ್ಚಿ ಟೆಸ್ಟರಿಗೆ ಹಾಕಿ ಸ್ಪ್ರೇ ನೋಡಿ ದೋಷ ಹೇಳುತ್ತಿದ್ದ ನುರಿತ ಮೆಕ್ಯಾನಿಕರ ಕೈಗೆ ಹೀಗೆ ಕೆಲವೇ ವರ್ಷಗಳಲ್ಲಿ ಆಂಪಿಯರ್, ಓಮ್, ಮೈಕ್ರೋಸೆಕೆಂಡುಗಳ ಲೆಕ್ಕ ಬಂತು. ಅವರಿಗೆ ಅದನ್ನು ಕನ್ನಡದಲ್ಲಿ ವಿವರಿಸುವ ಕೈಪಿಡಿ ಸಿಗುವುದು ಅಪರೂಪವೆಂಬುದು ನಿಜವಾದ ಕೊರತೆ.

ಸರ್ಕ್ಯೂಟ್ ಕೆಲಸ ಮಾಡುವ ಬಗೆ

ಆರು ಸಿಲಿಂಡರಿನ ಎಂಜಿನ್ 1800 ಆರ್‌ಪಿಎಂನಲ್ಲಿ ಓಡುತ್ತಿದೆ ಎನ್ನೋಣ. ಪ್ರತಿ ಸಿಲಿಂಡರಿಗೆ ಸೆಕೆಂಡಿಗೆ 15 ಸಲ, ಒಟ್ಟು 90 ಸಲ ಇಂಧನ ಸಿಡಿಯಬೇಕು. ಆ ವೇಗದಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಹಿಡಿಯುವುದು ಸುಮಾರು 93 ಮೈಕ್ರೋಸೆಕೆಂಡು. ಇಂಜೆಕ್ಟರ್ ಅಷ್ಟು ತಡವಾಗಿ ತೆರೆದರೂ ಟೈಮಿಂಗ್ ಒಂದು ಡಿಗ್ರಿ ಹಿಂದೆ ಬೀಳುತ್ತದೆ. ಕಾಯಿಲ್ ಎಂಬುದು ಸ್ವಭಾವತಃ ಕರೆಂಟ್ ಏರುವುದನ್ನು ತಡೆಯುವ ವಸ್ತು. ಬ್ಯಾಟರಿಯ 12 ಅಥವಾ 24 ವೋಲ್ಟನ್ನು ನೇರವಾಗಿ ಕೊಟ್ಟರೆ ಕರೆಂಟ್ ಏರುವ ಹೊತ್ತಿಗೆ ಸಮಯ ಮೀರಿರುತ್ತದೆ. ಅದಕ್ಕಾಗಿಯೇ ಇಸಿಎಂ ಒಳಗೆ ವೋಲ್ಟೇಜನ್ನು ಏರಿಸಿ ಕೆಪಾಸಿಟರಿನಲ್ಲಿ ಕೂಡಿಡುವ ವಿಭಾಗವೊಂದಿದೆ. ಎಂಜಿನ್ ಮಾದರಿಗೆ ತಕ್ಕಂತೆ ಈ ವೋಲ್ಟೇಜ್ ಸುಮಾರು 50ರಿಂದ 110ರವರೆಗೆ ಇರುತ್ತದೆ.

ಆದೇಶ ಬಂದ ಕ್ಷಣ ಈ ಏರಿಸಿದ ವೋಲ್ಟೇಜ್ ಕಾಯಿಲ್‌ಗೆ ಬೀಳುತ್ತದೆ, ಕರೆಂಟ್ ಕಣ್ಣೆವೆ ಮುಚ್ಚುವುದರೊಳಗೆ 20 ಆಂಪಿಯರ್ ಆಸುಪಾಸಿಗೆ ಜಿಗಿಯುತ್ತದೆ. ವಾಲ್ವ್ ಚಲಿಸಿದ ಮೇಲೆ ಅಷ್ಟು ಬಲ ಬೇಕಿಲ್ಲ. ಇಸಿಎಂ ಬ್ಯಾಟರಿಯ ವೋಲ್ಟೇಜಿಗೆ ಇಳಿದು, ಅದನ್ನು ಬೇಗಬೇಗ ಹಚ್ಚಿ ಆರಿಸುತ್ತ ಕರೆಂಟನ್ನು ಸುಮಾರು ಅರ್ಧಕ್ಕೆ ತಂದು ಹಿಡಿದಿಡುತ್ತದೆ. ಆದೇಶ ಮುಗಿದಾಗ ಎರಡೂ ತಂತಿಗಳನ್ನು ಕತ್ತರಿಸುತ್ತದೆ. ಇಲ್ಲಿ ಎರಡೂ ತಂತಿ ಎಂಬುದು ಮುಖ್ಯ. ಹೆಡ್‌ಲೈಟಿನಂತೆ ಒಂದು ತುದಿ ಚಾಸಿಗೆ ಅರ್ತ್ ಆಗಿರುವ ಸರ್ಕ್ಯೂಟ್ ಇದಲ್ಲ. ಬರುವ ತಂತಿಗೂ ಹೋಗುವ ತಂತಿಗೂ ಇಸಿಎಂನಲ್ಲೇ ಸ್ವಿಚ್ಚಿದೆ. ಇಂಜೆಕ್ಟರ್ ತಂತಿಗೆ ಎಂಜಿನ್ ಬ್ಲಾಕಿನ ಜೊತೆ ಎಂದೂ ಸಂಪರ್ಕ ಇರಕೂಡದು.

ಖರ್ಚು, ಜಾಗ ಉಳಿಸಲು ಹಲವು ಇಸಿಎಂಗಳಲ್ಲಿ ಬರುವ ತಂತಿಯನ್ನು ಸಿಲಿಂಡರುಗಳ ನಡುವೆ ಹಂಚಿರುತ್ತಾರೆ. ಕ್ಯಾಟರ್‌ಪಿಲ್ಲರ್ ಸಿ-15ರಲ್ಲಿ 1 ಮತ್ತು 2, 3 ಮತ್ತು 4, 5 ಮತ್ತು 6ನೇ ಸಿಲಿಂಡರುಗಳಿಗೆ ಹೀಗೆ ಜಂಟಿ ತಂತಿ. ಬೇರೆ ಕೆಲವು ಎಂಜಿನ್‌ಗಳಲ್ಲಿ ಮೂರು ಮೂರು ಸಿಲಿಂಡರುಗಳ ಎರಡು ಗುಂಪು. ಒಂದು ಇಂಜೆಕ್ಟರಿನ ತಂತಿ ಬ್ಲಾಕಿಗೆ ತಾಗಿ ಶಾರ್ಟ್ ಆದರೆ ಇಸಿಎಂ ತನ್ನನ್ನು ಉಳಿಸಿಕೊಳ್ಳಲು ಗುಂಪನ್ನೇ ಸ್ಥಗಿತ ಮಾಡಬಹುದು. ಆರರಲ್ಲಿ ಮೂರು ಸಿಲಿಂಡರ್ ಒಟ್ಟಿಗೆ ಸತ್ತವೆಂದರೆ ಮೂರು ಇಂಜೆಕ್ಟರ್ ಒಂದೇ ದಿನ ಕೆಟ್ಟಿರುವ ಸಂಭವ ತೀರ ಕಡಿಮೆ. ವೈರಿಂಗ್ ನಕ್ಷೆ ತೆರೆದು, ಸತ್ತ ಸಿಲಿಂಡರುಗಳಿಗೆ ಸಮಾನವಾದದ್ದು ಏನೆಂದು ನೋಡಿದರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಕೋಡ್‌ಗಳ ಭಾಷೆ

ಭಾರೀ ವಾಹನಗಳ ಜೆ1939 ಪದ್ಧತಿಯಲ್ಲಿ ಕೋಡಿಗೆ ಎರಡು ಭಾಗ. ಎಸ್‌ಪಿಎನ್ ಎಂಬುದು ಎಲ್ಲಿ ಎನ್ನುತ್ತದೆ, ಎಫ್‌ಎಂಐ ಎಂಬುದು ಹೇಗೆ ಎನ್ನುತ್ತದೆ. ಎಸ್‌ಪಿಎನ್ 651 ಒಂದನೇ ಸಿಲಿಂಡರಿನ ಇಂಜೆಕ್ಟರಿಗೆ, 656 ಆರನೆಯದಕ್ಕೆ. ಎಫ್‌ಎಂಐ 5 ಬಂದರೆ ಕರೆಂಟ್ ಬೇಕಾದಷ್ಟು ಏರಲಿಲ್ಲ, ದಾರಿ ಎಲ್ಲೋ ಕಡಿದಿದೆ ಎಂದರ್ಥ. 6 ಬಂದರೆ ಕರೆಂಟ್ ಮಿತಿಮೀರಿದೆ, ಅರ್ತ್ ಅಥವಾ ಶಾರ್ಟ್. 3 ಮತ್ತು 4 ವೋಲ್ಟೇಜ್ ಹೆಚ್ಚು ಮತ್ತು ಕಡಿಮೆ. ಎಫ್‌ಎಂಐ 7 ಯಾಂತ್ರಿಕ ಪ್ರತಿಕ್ರಿಯೆ ಸರಿಯಿಲ್ಲ ಎನ್ನುವಂಥದ್ದು, ಆಗ ತಂತಿಯಾಚೆಗೂ ನೋಡಬೇಕು. ಓಬಿಡಿ ಪದ್ಧತಿಯಲ್ಲಿ ಪಿ0201ರಿಂದ ಪಿ0206ರವರೆಗಿನ ಕೋಡುಗಳು ಇದೇ ಕೆಲಸ ಮಾಡುತ್ತವೆ.

ಇಸಿಎಂ ಈ ತೀರ್ಮಾನಕ್ಕೆ ಬರುವುದು ಕರೆಂಟ್ ಏರುವ ವೇಗ ನೋಡಿ. ತೀರ ಬೇಗ ಏರಿದರೆ ಶಾರ್ಟ್, ಏರದೇ ಉಳಿದರೆ ಓಪನ್. ಕಾಯಿಲ್ ಒಳಗೆ ಕಡಿದಿದೆಯೋ, ಕಪ್ಲರಿನ ಪಿನ್ ಹಿಂದಕ್ಕೆ ಸರಿದಿದೆಯೋ, ಡ್ರೈವರಿನ ಟ್ರಾನ್ಸಿಸ್ಟರ್ ಸುಟ್ಟಿದೆಯೋ ಎಂಬುದು ಅದಕ್ಕೆ ಒಂದೇ ಥರ ಕಾಣುತ್ತದೆ.

ತಂತಿ ಕೆಡುವ ಜಾಗಗಳು

ಟ್ಯಾಪೆಟ್ ಕವರಿನ ಒಳಗೆ ಬಿಸಿ ಎಂಜಿನ್ ಆಯಿಲ್ ಸದಾ ಎರಚುತ್ತಿರುತ್ತದೆ, ರಾಕರ್‌ಗಳು ಕುಣಿಯುತ್ತಿರುತ್ತವೆ. ಕ್ಲಿಪ್ಪಿನಿಂದ ಕಳಚಿದ ತಂತಿ ರಾಕರಿಗೆ ತಾಗಿ ಉಜ್ಜಿಕೊಂಡು ತಾಮ್ರ ಹೊರಬರುತ್ತದೆ. ವರ್ಷಗಟ್ಟಲೆ ಬಿಸಿಗೆ ಬೆಂದ ಇನ್ಸುಲೇಶನ್ ಬಿರುಸಾಗಿ, ಟ್ಯಾಪೆಟ್ ಹೊಂದಿಸಲೆಂದು ಕೈಹಾಕಿ ಬಗ್ಗಿಸಿದಾಗ ಬಿರಿಯುತ್ತದೆ. ಟ್ಯಾಪೆಟ್ ಕೆಲಸ ಮುಗಿಸಿದ ಮರುದಿನವೇ ಇಂಜೆಕ್ಟರ್ ಕೋಡ್ ಬಂದರೆ ಮೊದಲು ನೋಡಬೇಕಾದ ಜಾಗ ಇದು. ಕಾಯಿಲ್‌ನ ಸ್ಕ್ರೂ ಟರ್ಮಿನಲ್‌ಗಳನ್ನು ಟಾರ್ಕ್ ನೋಡದೆ ಬಿಗಿದರೆ ಬೋಲ್ಟೇ ಮುರಿಯುತ್ತದೆ, ಸಡಿಲ ಬಿಟ್ಟರೆ ಅಲುಗಾಟಕ್ಕೆ ಸಂಪರ್ಕ ಹೋಗಿ ಬಂದು ಮಾಡುತ್ತದೆ.

ಆಯಿಲ್‌ಗೆ ಇನ್ನೊಂದು ಗುಣವಿದೆ. ತಂತಿಯ ಎಳೆಗಳ ನಡುವಿನ ಸೂಕ್ಷ್ಮ ಸಂದಿಯಲ್ಲಿ ಅದು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿ, ಇನ್ಸುಲೇಶನ್ನಿನ ಒಳಗೊಳಗೇ ಸಾಗಿ, ಮೀಟರುಗಟ್ಟಲೆ ದೂರದ ಇಸಿಎಂ ಕಪ್ಲರಿನಲ್ಲಿ ಹೊರಬರುತ್ತದೆ. ಹೊರಗೆಲ್ಲೂ ಸೋರಿಕೆಯ ಕುರುಹಿಲ್ಲದೆ ಇಸಿಎಂ ಪಿನ್ನುಗಳ ನಡುವೆ ಆಯಿಲ್ ಕಂಡರೆ, ಅದು ಟ್ಯಾಪೆಟ್ ಕವರಿನ ಒಳಗಿನಿಂದ ಬಂದದ್ದು ಎಂದೇ ತಿಳಿಯಬೇಕು. ಕಪ್ಲರ್ ಒರೆಸಿದರಷ್ಟೇ ಸಾಲದು, ಒಳಗಿನ ತಂತಿಗಳ ಕಟ್ಟು, ಅಂದರೆ ಹಾರ್ನೆಸ್, ಬದಲಾಗಬೇಕು. ಹೊರಗಿನ ವೈರಿಂಗ್‌ಗೆ ಶತ್ರುಗಳು ಬೇರೆ: ಬ್ರಾಕೆಟ್ಟಿನ ಚೂಪು ಅಂಚು, ಎಕ್ಸಾಸ್ಟಿನ ಕಾವು, ಒತ್ತಡದ ನೀರಿನಿಂದ ವಾಹನ ತೊಳೆಯುವಾಗ ಕಪ್ಲರಿಗೆ ನುಗ್ಗುವ ನೀರು, ಜೊತೆಗೆ ಹಿಂದೆ ಯಾರೋ ತಂತಿ ತಿರುಚಿ ಟೇಪು ಸುತ್ತಿದ ಜಾಯಿಂಟ್.

ಪರೀಕ್ಷೆಯ ಕ್ರಮ

ಯಾಂತ್ರಿಕ ಪಂಪಿನ ಕಾಲದಲ್ಲಿ ಮಿಸ್ಸಿಂಗ್ ಹೊಡೆಯುವ ಸಿಲಿಂಡರನ್ನು ಹುಡುಕಲು ನಾಜಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತಿದ್ದರು. ಯಾವುದನ್ನು ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಸತ್ತಿದೆ ಎಂದು ತೀರ್ಮಾನ. ಕಾಮನ್ ರೈಲ್ ಎಂಜಿನ್‌ನಲ್ಲಿ ಈ ಕೆಲಸವನ್ನು ಎಂದೂ ಮಾಡಬಾರದು. ರೈಲಿನ ಒತ್ತಡ 1500 ಬಾರ್ ದಾಟುತ್ತದೆ, ಹೊಸ ಎಂಜಿನ್‌ಗಳಲ್ಲಿ 2000ಕ್ಕೂ ಮೇಲೆ. ಕೂದಲೆಳೆಯಷ್ಟು ಸಂದಿಯಿಂದ ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಮಾಂಸದೊಳಕ್ಕೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ನೋವೂ ಮೊದಲಿಗೆ ಅಷ್ಟಿರುವುದಿಲ್ಲ; ಕೆಲವೇ ಗಂಟೆಗಳಲ್ಲಿ ಒಳಗೆ ಊತಕ ಸಾಯತೊಡಗಿ ಬೆರಳನ್ನೇ ತೆಗೆಯಬೇಕಾಗಿ ಬರಬಹುದು. ಇಂಥ ಗಾಯಕ್ಕೆ ಕೂಡಲೇ ಶಸ್ತ್ರಚಿಕಿತ್ಸೆ ಬೇಕು. ಓಡುತ್ತಿರುವ ಎಂಜಿನ್ನಿನ ಇಂಜೆಕ್ಟರ್ ಕಪ್ಲರನ್ನು ಕೈಯಿಂದ ಮುಟ್ಟುವುದೂ ಅಪಾಯ. 70 ಅಥವಾ 105 ವೋಲ್ಟಿನ ಡಿಸಿ, ಬೆವರಿದ ಕೈಗೆ ಚೆನ್ನಾಗಿಯೇ ಹೊಡೆಯುತ್ತದೆ.

ಆ ಹಳೆಯ ಪರೀಕ್ಷೆಯ ಜಾಗದಲ್ಲಿ ಈಗ ಸ್ಕ್ಯಾನರಿನ ಕಟ್‌ಔಟ್ ಪರೀಕ್ಷೆ ಬಂದಿದೆ. ಇಸಿಎಂ ಒಂದೊಂದೇ ಸಿಲಿಂಡರಿನ ಇಂಧನ ನಿಲ್ಲಿಸಿ, ವೇಗ ಕಾಯ್ದುಕೊಳ್ಳಲು ಉಳಿದವಕ್ಕೆ ಎಷ್ಟು ಹೆಚ್ಚು ಇಂಧನ ಬೇಕಾಯಿತು ಎಂದು ಲೆಕ್ಕ ಹಾಕುತ್ತದೆ. ಸತ್ತ ಸಿಲಿಂಡರನ್ನು ನಿಲ್ಲಿಸಿದರೆ ಲೆಕ್ಕ ಬದಲಾಗುವುದಿಲ್ಲ. ಎಂಜಿನ್ ನಿಂತಿರುವಾಗ ಪ್ರತಿ ಸೊಲೆನಾಯ್ಡಿಗೆ ಸಂಕೇತ ಕಳಿಸಿ ಟಿಕ್ ಟಿಕ್ ಸದ್ದು ಕೇಳಿಸುವ ಸೌಲಭ್ಯವೂ ಅನೇಕ ಸ್ಕ್ಯಾನರುಗಳಲ್ಲಿದೆ. ಕೋಡೂ ಇದೆ, ಸದ್ದೂ ಇಲ್ಲ ಎಂದಾದರೆ ದೋಷ ವಿದ್ಯುತ್ತಿನದು. ಸದ್ದು ಚೆನ್ನಾಗಿದೆ, ಕಟ್‌ಔಟ್‌ನಲ್ಲಿ ಸಿಲಿಂಡರ್ ದುರ್ಬಲ ಎಂದಾದರೆ ಕಂಪ್ರೆಶನ್, ವಾಲ್ವ್ ಸಂದು, ನಾಜಲ್ ಸವೆತದ ಕಡೆಗೆ ಹೊರಳಬೇಕು. ಇವಕ್ಕೂ ಮೊದಲು ಬ್ಯಾಟರಿ ಮತ್ತು ಇಸಿಎಂನ ಅರ್ತ್ ತಂತಿಗಳನ್ನು ನೋಡಿಬಿಡುವುದು ಒಳ್ಳೆಯದು. ಇಸಿಎಂಗೇ ಸರಿಯಾದ ಪೂರೈಕೆ ಇಲ್ಲದಿದ್ದರೆ ಅದು ವೋಲ್ಟೇಜ್ ಏರಿಸಲಾರದೆ ಒಳ್ಳೆಯ ಇಂಜೆಕ್ಟರುಗಳ ಮೇಲೂ ದೂರು ಹೇಳುತ್ತದೆ.

ಓಮ್ ಅಳೆಯುವಲ್ಲಿ ಆಗುವ ತಪ್ಪುಗಳೇ ಹೆಚ್ಚು. ಸೊಲೆನಾಯ್ಡ್ ಇಂಜೆಕ್ಟರಿನ ಕಾಯಿಲ್ ರೋಧ ಬಹಳ ಸಣ್ಣದು, ಮಾದರಿಗೆ ತಕ್ಕಂತೆ ಅರ್ಧ ಓಮಿಗಿಂತ ಕಡಿಮೆಯಿಂದ ಒಂದೆರಡು ಓಮಿನವರೆಗೆ. ಸಾಮಾನ್ಯ ಮಲ್ಟಿಮೀಟರಿನ ವೈರುಗಳದ್ದೇ 0.2 ಅಥವಾ 0.3 ಓಮ್ ಇರುತ್ತದೆ. ಮೊದಲು ಎರಡು ವೈರಿನ ತುದಿಗಳನ್ನು ಕೂಡಿಸಿ ಬಂದ ಅಂಕಿಯನ್ನು ಬರೆದುಕೊಂಡು, ಅಳತೆಯಿಂದ ಕಳೆಯಬೇಕು. ತಾಮ್ರದ ರೋಧ ಕಾವಿನೊಂದಿಗೆ ಏರುತ್ತದೆ: 20 ಡಿಗ್ರಿಯಲ್ಲಿ 0.40 ಓಮ್ ಇದ್ದ ಕಾಯಿಲ್ 100 ಡಿಗ್ರಿಯಲ್ಲಿ ಸುಮಾರು 0.53 ತೋರಿಸುತ್ತದೆ. ಕೈಪಿಡಿಯ ಅಂಕಿ ಯಾವ ಉಷ್ಣತೆಯದೆಂದು ನೋಡದೆ ಬಿಸಿ ಎಂಜಿನ್ನಿನ ಕಾಯಿಲ್ ಅಳೆದು ಕೆಟ್ಟಿದೆ ಎನ್ನುವುದು ಅನ್ಯಾಯ. ಆರೂ ಕಾಯಿಲ್‌ಗಳನ್ನು ಒಂದೇ ಹೊತ್ತಿನಲ್ಲಿ ಅಳೆದು ಒಂದಕ್ಕೊಂದು ಹೋಲಿಸುವುದು ನಂಬಿಕೆಯ ದಾರಿ. ಆಮೇಲೆ ಇಸಿಎಂ ಕಪ್ಲರನ್ನು ಬಿಡಿಸಿಟ್ಟು ಪ್ರತಿ ತಂತಿಗೂ ಬ್ಲಾಕಿಗೂ ನಡುವೆ ಅಳೆಯಬೇಕು. ಅಲ್ಲಿ ಸಂಪರ್ಕ ಸ್ವಲ್ಪವೂ ಇರಬಾರದು; ಎಷ್ಟು ಕಿಲೋಓಮ್‌ಗಿಂತ ಮೇಲಿರಬೇಕೆಂದು ಕೈಪಿಡಿ ಹೇಳುತ್ತದೆ, 100 ಕಿಲೋಓಮ್ ಎಂಬುದು ಹಲವೆಡೆ ಕಾಣುವ ಮಿತಿ. ಜಂಟಿ ತಂತಿ ಇರುವ ಎಂಜಿನ್‌ನಲ್ಲಿ ಒಂದು ಇಂಜೆಕ್ಟರಿನ ಶಾರ್ಟ್ ಅದರ ಜೊತೆಗಾರನಲ್ಲೂ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಇಂಜೆಕ್ಟರಿನ ತಂತಿಗಳನ್ನು ಒಂದೊಂದಾಗಿ ಬಿಡಿಸುತ್ತ ಮೀಟರ್ ನೋಡಬೇಕು. ಯಾವುದನ್ನು ಬಿಡಿಸಿದಾಗ ಶಾರ್ಟ್ ಮಾಯವಾಯಿತೋ ಅದೇ ಕಳ್ಳ. ಎಲ್ಲ ಬಿಡಿಸಿದ ಮೇಲೂ ಶಾರ್ಟ್ ಉಳಿದರೆ ದೋಷ ಹಾರ್ನೆಸ್ಸಿನದು.

ಮಲ್ಟಿಮೀಟರ್ ಓಮ್ ಅಳೆಯುವಾಗ ತಂತಿಯಲ್ಲಿ ಹರಿಸುವ ಕರೆಂಟ್ ಬಹಳ ಸಣ್ಣದು, ಮಿಲಿಆಂಪಿಯರ್ ಲೆಕ್ಕದ್ದು. ಹತ್ತು ಎಳೆಯಲ್ಲಿ ಒಂಬತ್ತು ಕಡಿದು ಒಂದೇ ಉಳಿದ ತಂತಿಯೂ, ಹಸಿರು ಕಿಲುಬು ಹಿಡಿದ ಪಿನ್ನೂ ಅದಕ್ಕೆ ಸರಿಯಾಗಿಯೇ ಕಾಣಬಹುದು. ಓಡುವಾಗ 20 ಆಂಪಿಯರ್ ಹರಿಯಬೇಕಾದ ದಾರಿ ಅದು. ಅಲ್ಲಿ ಅರ್ಧ ಓಮಿನ ಕೆಟ್ಟ ಸಂಪರ್ಕವಿದ್ದರೆ 10 ವೋಲ್ಟ್ ಆ ಜಾಗದಲ್ಲೇ ಖರ್ಚಾಗಿಹೋಗುತ್ತದೆ. ಹಾಗಾಗಿ ಅನುಮಾನದ ತಂತಿಗೆ ಭಾರ ಹಾಕಿ ನೋಡಬೇಕು. ಅದರ ಎರಡೂ ತುದಿಗಳನ್ನು ಇಸಿಎಂ ಮತ್ತು ಇಂಜೆಕ್ಟರಿನಿಂದ ಪೂರ್ತಿ ಬಿಡಿಸಿ, ಫ್ಯೂಸ್ ಇರುವ ವೈರಿನಿಂದ ಬ್ಯಾಟರಿಯ ವಿದ್ಯುತ್ತನ್ನು ಆ ತಂತಿಯ ಮೂಲಕವೇ ಒಂದು ಹೆಡ್‌ಲೈಟ್ ಬಲ್ಬಿಗೆ ಕೊಡಬೇಕು. 24 ವೋಲ್ಟಿನ 70 ವ್ಯಾಟ್ ಬಲ್ಬು ಸುಮಾರು 3 ಆಂಪಿಯರ್ ಎಳೆಯುತ್ತದೆ. ಬಲ್ಬು ಪೂರ್ತಿ ಉರಿಯುತ್ತಿರುವಾಗ ತಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ವೋಲ್ಟ್ ಅಳೆಯಿರಿ, ಅಳೆಯುತ್ತಲೇ ಹಾರ್ನೆಸ್ಸನ್ನು ಉದ್ದಕ್ಕೂ ಬಗ್ಗಿಸಿ, ಎಳೆದು, ಅಲ್ಲಾಡಿಸಿ. ಬಲ್ಬು ಮಿಣುಕಿದ ಜಾಗದಲ್ಲಿ ಕೈ ನಿಲ್ಲಿಸಿದರೆ ದೋಷ ಬೆರಳ ಕೆಳಗಿರುತ್ತದೆ. ಚಿಲ್ಲರೆ ಖರ್ಚಿನ ಈ ಬಲ್ಬು ಎಷ್ಟೋ ಸಲ ದುಬಾರಿ ಸ್ಕ್ಯಾನರ್ ಹೇಳಲಾಗದ್ದನ್ನು ಹೇಳುತ್ತದೆ. ಪರೀಕ್ಷೆಯ ನೆಪದಲ್ಲಿ ತಂತಿಯ ಇನ್ಸುಲೇಶನ್ನಿಗೆ ಸೂಜಿ ಚುಚ್ಚುವುದು, ಕಪ್ಲರಿನ ಪಿನ್ನಿಗೆ ದಪ್ಪ ಮೊನೆ ತುರುಕುವುದು ಹೊಸ ದೋಷವನ್ನು ನೆಟ್ಟಂತೆ.

ಬಿಸಿಯಾದಾಗ ಮಾತ್ರ ಬರುವ ದೋಷಕ್ಕೆ ಹೆಚ್ಚು ತಾಳ್ಮೆ ಬೇಕು. ಬೆಳಿಗ್ಗೆ ಶೆಡ್ಡಿನಿಂದ ಹೊರಟಾಗ ಎಂಜಿನ್ ನಯವಾಗಿರುತ್ತದೆ. ಲೋಡ್ ಹೊತ್ತು ಘಟ್ಟ ಹತ್ತತೊಡಗಿದ ಮೇಲೆ ಮೂರನೇ ಸಿಲಿಂಡರ್ ಬಿಟ್ಟು ಬಿಟ್ಟು ಹೊಡೆಯುತ್ತದೆ, ಪಿಕಪ್ ಹೋಗುತ್ತದೆ, ಎಸ್‌ಪಿಎನ್ 653, ಎಫ್‌ಎಂಐ 5 ದಾಖಲಾಗುತ್ತದೆ. ವರ್ಕ್‌ಶಾಪಿಗೆ ಬಂದು ತಣ್ಣಗಾದರೆ ಎಲ್ಲ ಅಳತೆಯೂ ಸರಿ. ಕಾಯಿಲ್‌ನ ಒಳಗಿನ ಬೆಸುಗೆ ಕಾವಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತಿರಬಹುದು, ಇಲ್ಲವೇ ಹೆಡ್ಡಿನ ಕಪ್ಲರಿನ ಹೆಣ್ಣು ಪಿನ್ ಸಡಿಲವಾಗಿರಬಹುದು. ಎರಡನ್ನೂ ಬೇರ್ಪಡಿಸಲು ಸರಳ ದಾರಿ ಮೂರನೆಯ ಇಂಜೆಕ್ಟರನ್ನು ಐದನೆಯದರೊಂದಿಗೆ ಅದಲುಬದಲು ಮಾಡಿ, ಇಂಜೆಕ್ಟರುಗಳ ಮೈಮೇಲೆ ಅಚ್ಚಾಗಿರುವ ಹೊಂದಾಣಿಕೆ ಕೋಡುಗಳನ್ನೂ ಇಸಿಎಂನಲ್ಲಿ ಅದಲುಬದಲು ಮಾಡಿ, ಅದೇ ಲೋಡಿನಲ್ಲಿ ಅದೇ ಘಟ್ಟ ಹತ್ತಿಸುವುದು. ಕೋಡ್ 655ಕ್ಕೆ ಹೋದರೆ ತಪ್ಪು ಇಂಜೆಕ್ಟರಿನದು. 653ರಲ್ಲೇ ಉಳಿದರೆ ತಂತಿಯದು ಅಥವಾ ಇಸಿಎಂನದು. ಇಂಜೆಕ್ಟರ್ ಬಿಚ್ಚುವುದು ದೊಡ್ಡ ಕೆಲಸವಾದ ಎಂಜಿನ್‌ನಲ್ಲಿ, ಹೆಡ್ಡಿನ ಬಳಿ ಕರೆಂಟ್ ಕ್ಲ್ಯಾಂಪ್ ಹಾಕಿ ಆಸಿಲೋಸ್ಕೋಪಿನಲ್ಲಿ ನೋಡುವುದು ಮೇಲು.

ಆಸಿಲೋಸ್ಕೋಪ್

ಕ್ಲ್ಯಾಂಪ್ ಹಾಕಲು ತಂತಿ ಕತ್ತರಿಸಬೇಕಿಲ್ಲ, ಕಪ್ಲರ್ ಬಿಚ್ಚಬೇಕಿಲ್ಲ. ಪರದೆಯ ಮೇಲೆ ಕರೆಂಟ್ ಕಡಿದಾಗಿ ಏರಿ, ತುದಿ ಮುಟ್ಟಿ, ಅಲ್ಲಿಂದ ಇಳಿದು ಗರಗಸದ ಹಲ್ಲಿನಂಥ ಅಲೆಗಳಲ್ಲಿ ಸ್ವಲ್ಪ ಹೊತ್ತು ಸಮನಾಗಿ ಸಾಗಿ, ಕೊನೆಗೆ ಸೊನ್ನೆಗೆ ಬೀಳುತ್ತದೆ. ಯೂನಿಟ್ ಇಂಜೆಕ್ಟರುಗಳಲ್ಲಿ ವಾಲ್ವ್ ಪೂರ್ತಿ ಕೂತ ಕ್ಷಣ ಅಲೆಯಲ್ಲಿ ಸಣ್ಣ ಮುರಿವು ಕಾಣುತ್ತದೆ. ಇಸಿಎಂ ಕೂಡ ಆ ಮುರಿವಿನ ಮೇಲೆ ಕಣ್ಣಿಟ್ಟು ಟೈಮಿಂಗ್ ತಿದ್ದಿಕೊಳ್ಳುತ್ತದೆ. ಏರಿಕೆ ಓರೆಯಾಗಿ ನಿಧಾನವಾದರೆ ದಾರಿಯಲ್ಲಿ ಹೆಚ್ಚುವರಿ ರೋಧವಿದೆ ಅಥವಾ ಇಸಿಎಂನ ಏರಿಸಿದ ವೋಲ್ಟೇಜ್ ಕುಸಿದಿದೆ. ಆರೂ ಸಿಲಿಂಡರಿನಲ್ಲಿ ಹಾಗಾದರೆ ಎರಡನೆಯದು, ಒಂದರಲ್ಲಿ ಮಾತ್ರವಾದರೆ ಮೊದಲನೆಯದು. ಏರಿಕೆ ಗೋಡೆಯಂತೆ ನೆಟ್ಟಗಾಗಿ ಕೂಡಲೇ ಕಡಿದುಹೋದರೆ ಕಾಯಿಲ್‌ನ ಸುತ್ತುಗಳು ಒಳಗೇ ಶಾರ್ಟ್ ಆಗಿವೆ ಅಥವಾ ತಂತಿ ಎಲ್ಲೋ ತಾಗಿದೆ. ಎಂಜಿನ್ನಿನ ಫೈರಿಂಗ್ ಆರ್ಡರ್ ತಿಳಿದಿದ್ದರೆ, ಜಂಟಿ ತಂತಿಯ ಮೇಲೆ ಹಾಕಿದ ಒಂದೇ ಕ್ಲ್ಯಾಂಪಿನಲ್ಲಿ ಗುಂಪಿನ ಎಲ್ಲ ಸಿಲಿಂಡರುಗಳನ್ನು ಗುರುತಿಸಬಹುದು. ಇನ್‌ಲೈನ್ ಆರರಲ್ಲಿ ಅದು ಸಾಮಾನ್ಯವಾಗಿ 1-5-3-6-2-4. ವೋಲ್ಟೇಜ್ ನೋಡಬೇಕಾದಾಗ ಮಾತ್ರ ಎಚ್ಚರ: ಸ್ಕೋಪಿನ ಅರ್ತ್ ಕ್ಲಿಪ್ಪನ್ನು ಇಂಜೆಕ್ಟರಿನ ಯಾವ ತಂತಿಗೂ ಸಿಕ್ಕಿಸಬಾರದು. ಸ್ಕೋಪಿಗೆ ಚಾಸಿಯ ಜೊತೆ ಸಂಪರ್ಕವಿದ್ದರೆ ಡ್ರೈವರ್ ಅಲ್ಲೇ ಸುಡುತ್ತದೆ.

ಪೀಜೋ ಇಂಜೆಕ್ಟರುಗಳು ಭಾರೀ ಎಂಜಿನ್‌ಗಳಲ್ಲಿ ಕಡಿಮೆ. ಅವುಗಳಲ್ಲಿ ಕಾಯಿಲ್ ಇಲ್ಲ, ವಿದ್ಯುತ್ ಕೊಟ್ಟರೆ ಹಿಗ್ಗುವ ಸೆರಾಮಿಕ್ ಪದರಗಳಿವೆ. ರೋಧ ಅಳೆದರೆ ನೂರಾರು ಕಿಲೋಓಮ್ ಬರುತ್ತದೆ, ಅದು ದೋಷವಲ್ಲ. ಓಡುತ್ತಿರುವಾಗ ಇವುಗಳ ಕಪ್ಲರ್ ಎಳೆದರೆ ಸೆರಾಮಿಕ್ ಚಾರ್ಜ್ ಹಿಡಿದ ಸ್ಥಿತಿಯಲ್ಲೇ ನಿಂತು, ಇಂಧನ ಎಡೆಬಿಡದೆ ಸುರಿದು ಎಂಜಿನ್ ಹಾಳಾಗುವ ಸಾಧ್ಯತೆಯಿದೆ.

ಇಸಿಎಂ ಮತ್ತು ರಿಪೇರಿಯ ನಂತರ

ಇಸಿಎಂ ಕೆಟ್ಟಿದೆ ಎನ್ನುವುದು ಕೊನೆಯ ತೀರ್ಮಾನವಾಗಿರಬೇಕು. ಕಾಯಿಲ್, ತಂತಿ, ಕಪ್ಲರ್, ಪೂರೈಕೆ, ಅರ್ತ್ ಎಲ್ಲವೂ ಭಾರದ ಕೆಳಗೆ ಸರಿಯೆಂದು ಗೊತ್ತಾದ ಮೇಲೂ ಕ್ಲ್ಯಾಂಪಿನಲ್ಲಿ ಕರೆಂಟ್ ಕಾಣದಿದ್ದರೆ ಮಾತ್ರ ಡ್ರೈವರನ್ನು ದೂರಬಹುದು. ಡ್ರೈವರ್ ತಾನಾಗಿ ಸುಡುವುದಕ್ಕಿಂತ ಶಾರ್ಟ್ ಆದ ಹಾರ್ನೆಸ್ ಅದನ್ನು ಸುಡುವುದು ಹೆಚ್ಚು. ಮೂಲದ ಶಾರ್ಟ್ ತೆಗೆಯದೆ ಹೊಸ ಇಸಿಎಂ ಕೂರಿಸಿದರೆ ಕೀ ತಿರುಗಿಸಿದ ಕೂಡಲೇ ಅದೂ ಹೋಗಬಹುದು.

ಹೊಸ ಇಂಜೆಕ್ಟರ್ ಹಾಕಿದಾಗ ಅದರ ಮೈಮೇಲೆ ಅಚ್ಚಾಗಿರುವ ಹೊಂದಾಣಿಕೆ ಕೋಡನ್ನು ಇಸಿಎಂಗೆ ಬರೆಯಲೇಬೇಕು. ತಯಾರಿಕೆಯಲ್ಲಿ ಒಂದಕ್ಕೊಂದು ಬರುವ ಸಣ್ಣ ವ್ಯತ್ಯಾಸವನ್ನು ಸರಿದೂಗಿಸುವ ಅಂಕಿ ಅದು. ಅದನ್ನು ಬಿಟ್ಟರೆ ವಿದ್ಯುತ್ ದೋಷ ಹೋಗಿ, ಆ ಸಿಲಿಂಡರಿನಲ್ಲಿ ಬಡಿತ, ಹೊಗೆ ಅಥವಾ ಐಡ್ಲಿಂಗ್‌ನಲ್ಲಿ ಅಲುಗಾಟ ಉಳಿಯುತ್ತದೆ. ಯೂನಿಟ್ ಇಂಜೆಕ್ಟರಾದರೆ ರಾಕರಿನ ಹೊಂದಾಣಿಕೆಯೂ ಕೈಪಿಡಿಯಂತೆ ಆಗಬೇಕು. ಹಳೆಯ ಕೋಡುಗಳನ್ನು ಅಳಿಸುವ ಮೊದಲು ಅವು ಎಷ್ಟು ಸಲ, ಎಷ್ಟನೇ ಗಂಟೆಯಲ್ಲಿ ಬಂದಿದ್ದವೆಂದು ಬರೆದಿಟ್ಟುಕೊಳ್ಳುವುದು ಒಳಿತು. ಅಳಿಸಿದ ಮೇಲೆ ದೋಷ ಮೊದಲು ಬಂದಿದ್ದ ಕಾವು ಮತ್ತು ಲೋಡಿನಲ್ಲೇ ವಾಹನ ಓಡಿಸಿ, ಕಟ್‌ಔಟ್ ಪರೀಕ್ಷೆಯನ್ನು ಮತ್ತೆ ಮಾಡಿ, ಆರೂ ಸಿಲಿಂಡರಿನ ಅಂಕಿಗಳು ಹತ್ತಿರ ಹತ್ತಿರ ಬಂದಾಗಲೇ ಜಾಬ್ ಕಾರ್ಡಿಗೆ ಸಹಿ ಹಾಕಬೇಕು.